ವಕೀಲರು ಉಂಡ ಊಟ

ಮಧ್ಯಾಹ್ನ ಒಬ್ಬರೇ ಕೂತು ಉಂಡೆದ್ದ ವಕೀಲರು ಸಂಜೆಗೆ ಹೆಣವಾದರು. ಹೊಟ್ಟೆಯಲ್ಲಿ ವಿಷವಿದೆ ಎಂದರು ಡಾಕ್ಟರು. ಯಾವ ಪದಾರ್ಥದಲ್ಲಿತ್ತೆಂದು ಅವರಿಗೂ ತಿಳಿಯಲಿಲ್ಲ, ಪಾತ್ರೆಗಳೆಲ್ಲ ತೊಳೆದಾಗಿತ್ತು.

“ಬೇಯಿಸಿದವಳು ನೀನು. ಒಪ್ಪಿಕೋ, ಇಲ್ಲವಾದರೆ ನೇಣು!” ಎಂದು ಪತ್ತೇದಾರ ಮಾಚಯ್ಯ ಗುಡುಗಿದ.

ಅಡುಗೆಯಾಕೆಯ ಕುತ್ತಿಗೆಗೆ ಆಗಲೇ ಹಗ್ಗ ಬಿದ್ದಂತಾಯಿತು.

“ಸ್ವಾಮಿ, ವಕೀಲರ ಸೋದರಳಿಯ ಸುಧೀಂದ್ರ ಹಸಿದಿದ್ದಾರೆ. ಬಡಿಸಿ ಬರುತ್ತೇನೆ. ನೀವೂ ಡಾಕ್ಟರೂ ಬಾಗಿಲಲ್ಲೇ ನಿಲ್ಲಿ.”

ವಕೀಲರು ಅಂದು ಉಂಡ ಬಗೆಯ ಪದಾರ್ಥಗಳನ್ನೆಲ್ಲ ಸುಧೀಂದ್ರನ ಎಲೆಗೆ ಬಡಿಸಿದಳು. ಅವನು ಪಲ್ಯ ತಿಂದ, ಸಾರನ್ನ ಉಂಡ, ಮಜ್ಜಿಗೆಗೆ ಕೈಯೊಡ್ಡಿದ. ಎಲೆಯ ತುದಿಯ ಉಪ್ಪಿನಕಾಯಿಯನ್ನು ಮಾತ್ರ ಬೆರಳಿನಿಂದ ಆಚೆ ತಳ್ಳಿದ.

“ಉಪ್ಪಿನಕಾಯಿಯಿಲ್ಲದೆ ಮಜ್ಜಿಗೆ ಅನ್ನವೇ ಇಳಿಯದವರು ನೀವು. ಇವತ್ತೇನಾಯಿತಪ್ಪಾ?” ಎಂದಳು ಅಡುಗೆಯಾಕೆ.

ಸುಧೀಂದ್ರ ಬಿಳಿಚಿಕೊಂಡ. ಡಾಕ್ಟರು ಅಡುಗೆಮನೆಯ ಉಪ್ಪಿನಕಾಯಿ ಭರಣಿಯನ್ನು ಪರೀಕ್ಷಿಸಿದರು. ವಿಷ ಅದರಲ್ಲೇ ಇತ್ತು.

“ಉಪ್ಪಿನಕಾಯಿಯಲ್ಲೇ ಇದೆ ಎಂದು ನಿನಗೆ ಹೇಗೆ ಗೊತ್ತಾಯಿತು?” ಮಾಚಯ್ಯನ ದನಿ ತಗ್ಗಿತ್ತು.

“ನನಗೆಲ್ಲಿ ಗೊತ್ತಿತ್ತು ಸ್ವಾಮಿ? ಬಡಿಸಿದ್ದೆಲ್ಲ ಪಕ್ಕದ ಮನೆಯಿಂದ ತಂದದ್ದು. ಗೊತ್ತಿದ್ದವರೇ ತೋರಿಸಿಕೊಟ್ಟರು.”