ಸಾಯುವ ಎಮ್ಮೆಗೆ ಸೂಜಿಯ ಮರ್ಯಾದೆ

ಹಸಿದ ಮರಿಯನ್ನು ಗೂಡಿನಲ್ಲಿ ಬಿಟ್ಟು ಬಂದ ರಣಹದ್ದು, ಊರಾಚೆ ಬಿದ್ದಿದ್ದ ಸತ್ತ ಎಮ್ಮೆಗೆ ಇನ್ನೇನು ಕೊಕ್ಕು ಹಾಕಬೇಕು, ಪಕ್ಕದಲ್ಲಿದ್ದ ಖಾಲಿ ಔಷಧಿ ಸೀಸೆ ಗಂಟಲು ಸರಿಮಾಡಿಕೊಂಡಿತು.

“ತಾಯೀ, ಒಂದು ನಿಮಿಷ. ಇದರ ಮೈತುಂಬ ನನ್ನೊಳಗಿದ್ದ ನೋವಿನ ಔಷಧಿಯಿದೆ.”

“ಯಾಕೆ, ಎಮ್ಮೆ ಉಳಿಯುವಂತಿತ್ತೇ?”

“ಎಲ್ಲಿಯ ಮಾತು! ಮುದಿ ಎಮ್ಮೆ, ಇವತ್ತೋ ನಾಳೆಯೋ ಅನ್ನುವಂತಿತ್ತು. ಆದರೆ ಸೂಜಿ ಚುಚ್ಚದೆ ಎದ್ದು ಹೋದವರನ್ನು ಈ ಊರಲ್ಲಿ ಡಾಕ್ಟರು ಅಂತಾರೆಯೇ? ಮನೆಯವರ ಸಮಾಧಾನಕ್ಕೆ ಒಂದು ಚುಚ್ಚಿದರು, ನೆರೆಯವರು ನೋಡಲಿ ಅಂತ ಇನ್ನೊಂದು.”

“ನಾನು ತಿಂದು ಮರಿಗೂ ಉಣಿಸಿದರೆ?”

“ನಿಮಗೂ ಮರಿಗೂ ಕಿಡ್ನಿ ಕೈಕೊಡುತ್ತದೆ. ನೋವಿಗೆ ಮಾತ್ರ ನನ್ನಂಥ ಔಷಧಿ ಇನ್ನೊಂದಿಲ್ಲ.”

ರಣಹದ್ದು ಕೊಕ್ಕು ಮುಚ್ಚಿಕೊಂಡು ಮೇಲೆ ಹಾರಿತು. ಕೆಳಗೆ ಊರವರು ಮೂಗಿಗೆ ಟವೆಲು ಒತ್ತಿಕೊಂಡು ಬೈಯುತ್ತಿದ್ದರು: “ಈ ಹದ್ದುಗಳಿಗೆ ಎಂಥ ಸೊಕ್ಕು ನೋಡ್ರೀ! ಎಮ್ಮೆ ಕೊಳೀತಾ ಬಿದ್ದಿದ್ರೂ ಬಂದು ತಿನ್ನೋಕಾಗಲ್ಲ!”

ಗೂಡಿನಲ್ಲಿ ಮರಿ ಬಾಯಿ ತೆರೆದುಕೊಂಡೇ ಕೇಳಿತು, “ಅಮ್ಮಾ, ಇವತ್ತೂ ಊಟ ಇಲ್ವಾ?”

“ಊಟವೇನೋ ಭರ್ಜರಿಯಾಗಿತ್ತು ಮಗೂ. ಔಷಧಿ ಸ್ವಲ್ಪ ಜಾಸ್ತಿ ಬಿದ್ದಿತ್ತು.”