ದೇಸಾಯರ ಮುಖದ ಸೌಟು

ಮಗಳ ಮದುವೆಯ ಪಂಕ್ತಿಯಲ್ಲೂ ತಮ್ಮ ಮುಖವೇ ಮೆರೆಯಬೇಕೆಂಬ ಹುಕಿ ದೇಸಾಯರಿಗೆ ಬಂತು. ಮರದ ಸೌಟು, ಚಮಚ ಕೆತ್ತಿ ಬದುಕುತ್ತಿದ್ದ ಮೌನಪ್ಪ ಬಡಿಗೇರನನ್ನು ವಾಡೆಗೆ ಕರೆಸಿದರು.

“ಪ್ರತಿ ಸೌಟಿನ ಮ್ಯಾಲೂ ನನ್ನ ಮುಖ ಇರಬೇಕು. ಮೀಸಿ, ರುಮಾಲು ಸಮೇತ. ಕೂಲಿ ಕೇಳಬ್ಯಾಡ, ಇದು ನಿನಗ ದೊಡ್ಡ ಮರ್ಯಾದಿ. ಒಲ್ಲೆ ಅಂದ್ರ ನನ್ನ ಜಾಗದಾಗಿನ ನಿನ್ನ ಗುಡಿಸಲು ಕೀಳಿಸ್ತೀನಿ.”

ಮೌನಪ್ಪನಿಗೆ ಮೈಯೆಲ್ಲ ಉರಿಯಿತು. ಆದರೂ ಕೈ ಮುಗಿದು, “ಆಗಲ್ರಿ ಧಣ್ಯಾರ” ಎಂದು ಬಂದ. ಮುಖವನ್ನು ಬಲು ಚೆಂದ ಕೆತ್ತಿದ. ಕೆತ್ತಿದ್ದು ಮಾತ್ರ ಹಿಡಿಯ ಮೇಲಲ್ಲ, ಸೌಟಿನ ಬಟ್ಟಲಿನ ಬೆನ್ನ ಮೇಲೆ.

ಮದುವೆಯ ದಿನ ಬೀಗರೆಲ್ಲ ಊಟಕ್ಕೆ ಕೂತರು. ಬಡಿಸುವವರು ದೇಸಾಯರನ್ನು ಕುದಿಯುವ ಸಾರಿನಲ್ಲಿ ಮುಳುಗಿಸಿದರು, ಮೇಲೆತ್ತಿದರು, ಅಂಟಿದ್ದು ಉದುರಲೆಂದು ಹಂಡೆಯ ಅಂಚಿಗೆ ಟಪಟಪ ಬಡಿದರು.

“ಇನ್ನೊಮ್ಮೆ ಬಡೀರಿ, ಮೀಸಿಗೆ ಬ್ಯಾಳಿ ಹತ್ತೈತಿ!” ಎಂದರು ಬೀಗರೊಬ್ಬರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು.

ದೇಸಾಯರು ಕೆಂಡವಾಗಿ ಮೌನಪ್ಪನನ್ನು ಅಲ್ಲಿಗೇ ಎಳೆತರಿಸಿದರು. “ಮುಖ ಹಿಡಿ ಮ್ಯಾಲೆ ಕೆತ್ತಾಕ ಏನಾಗಿತ್ತಲೇ?”

“ಹಿಡಿ ಮ್ಯಾಲೆ ಕೆತ್ತಿದ್ರ ಅಡಿಗಿಯವ್ರು ನಿಮ್ಮ ಕುತ್ತಿಗಿ ಹಿಚುಕ್ತಿದ್ರಲ್ರಿ.”

“ಹಂಗಾರ ಯಾರೂ ಮುಟ್ಟದಂಥಾದ್ದರ ಮ್ಯಾಲೆ ಕೆತ್ತು!”

ಮೌನಪ್ಪ ವಿನಯದಿಂದ ತಲೆ ಬಾಗಿಸಿದ. “ಆಗಲ್ರಿ ಧಣ್ಯಾರ. ಈ ವಾಡೇದಾಗ ಯಾವ ಕೆಲಸಕ್ಕೂ ಬಾರದ್ದು ಏನೈತಿ ತೋರಸ್ರಿ. ಅದರ ಮ್ಯಾಲೆ ನಿಮ್ಮ ಮುಖ ಭಾಳ ಒಪ್ಪತೈತಿ.”

ಬೀಗರು ಎಲೆಯ ಮೇಲೇ ಬಿದ್ದು ಬಿದ್ದು ನಕ್ಕರು. ಅವರೆದುರು ಗುಡಿಸಲು ಕೀಳಿಸುವ ಮಾತೆತ್ತಲು ದೇಸಾಯರಿಗೆ ಬಾಯಿ ಬರಲಿಲ್ಲ. ಊಟ ಮುಗಿದದ್ದೇ ತಡ, ತಮ್ಮ ಮುಖಗಳನ್ನೆಲ್ಲ ತಾವೇ ನಿಂತು ಒಲೆಗೆ ಹಾಕಿಸಿದರು.