ಎಳ್ಳು ಬಿಡುವ ಹೊತ್ತು

ಸುಬ್ರಾಯನ ಕೈಗಡಿಯಾರ ತಪ್ಪುವುದಿಲ್ಲವೆಂದು ಆಶ್ರಮದಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವರಿಗೆ ಅವನೇ ಹೇಳುತ್ತಿದ್ದ.

ದಿನಾ ಬೆಳಿಗ್ಗೆ ರೇಡಿಯೋ ಕೇಳಿ ಮುಳ್ಳು ಸರಿಮಾಡಿಕೊಳ್ಳುವನು. ಆಮೇಲೆ ಹೊಳೆದಂಡೆಯ ಗಂಟೆ ಹೊಡೆಯುವನು. ಅದನ್ನು ಕೇಳಿ ಅಡುಗೆಯವರು ಒಲೆ ಹಚ್ಚಬೇಕು, ಮಿಕ್ಕವರು ಜಪಕ್ಕೆ ಕೂರಬೇಕು.

ಗುರುಗಳ ಹತ್ತಿರ ಗಡಿಯಾರವಿರಲಿಲ್ಲ. ಕಾವಿ ಉಡುವ ಮೊದಲು ಅವರು ಹಡಗಿನಲ್ಲಿ ಕೆಲಸ ಮಾಡಿದವರು.

ಒಂದು ದಿನ ಅವರು ಕೇಳಿದರು, "ಗಂಟೆ ಎಷ್ಟೋ?"

"ಏಳೂ ಹದಿಮೂರು, ಗುರುಗಳೇ. ಒಂದು ಸೆಕೆಂಡೂ ಆಚೀಚೆ ಇಲ್ಲ."

"ಎಲ್ಲಿ?"

ಸುಬ್ರಾಯ ನಕ್ಕುಬಿಟ್ಟ. ಗಂಟೆ ಎಷ್ಟು ಅಂತ ಕೇಳಿ ಎಲ್ಲಿ ಅನ್ನುವವರುಂಟೇ? ಮುದುಕರ ತಮಾಷೆ ಅಂದುಕೊಂಡ.

ಗುರುಗಳು ಮತ್ತೆ ಕೇಳಲಿಲ್ಲ. ಇನ್ನೊಂದು ಸಲ ಕೇಳಬೇಕಿತ್ತು. ಈ ಕಥೆ ಹೇಳುವಾಗಲೆಲ್ಲ ನನಗೆ ಅವರ ಮೇಲೆ ಸಿಟ್ಟು ಬರುವುದು ಇಲ್ಲೇ.

ಸುಬ್ರಾಯನಿಗೆ ಇದ್ದವನು ಒಬ್ಬನೇ ಅಣ್ಣ, ಮಾದೇವ. ಅಪ್ಪ ಅಮ್ಮ ಹೋದ ಮೇಲೆ ತಮ್ಮನನ್ನು ಹೆಗಲ ಮೇಲೆ ಹೊತ್ತು ಸಾಕಿದವನು. ಆಮೇಲೆ ಸಮುದ್ರ ದಾಟಿ ಪಡುವಣದ ಒಂದು ದೇಶದಲ್ಲಿ ಲಾರಿ ಓಡಿಸುತ್ತಿದ್ದ.

ಅಲ್ಲಿ ಜಗಳವಾಯಿತು. ಮಾದೇವ ಹೊಡೆದ, ಹೊಡೆಸಿಕೊಂಡವನು ಸತ್ತ. ಜೀವಕ್ಕೆ ಜೀವ ಎಂದು ಅಲ್ಲಿಯ ಕೋರ್ಟು ಹೇಳಿತು.

ಕೊನೆಗೊಂದು ಸುದ್ದಿ ಬಂತು. ನಾಳೆ ಸೂರ್ಯ ಹುಟ್ಟುವ ಹೊತ್ತಿಗೆ. ಹೆಣ ಕಳಿಸುವುದಿಲ್ಲ. ಅದಕ್ಕೆ ಮೊದಲು ಒಂದು ಸಲ ತಮ್ಮನಿಗೆ ಫೋನು ಮಾಡಲು ಬಿಡುತ್ತಾರೆ.

ಸುಬ್ರಾಯ ನಸುಕಿಗೆ ಮೊದಲೇ ಹೊಳೆಯ ಮೆಟ್ಟಿಲ ಮೇಲೆ ಫೋನು ಹಿಡಿದು ಕೂತ.

ಮೂಡಲು ಬೆಳ್ಳಗಾಯಿತು. ಫೋನು ಬರಲಿಲ್ಲ. ಗುಡ್ಡದ ಮೇಲೆ ಸೂರ್ಯ ಕಂಡ. ಆಗಲೂ ಬರಲಿಲ್ಲ.

ಸುಬ್ರಾಯ ಕೈಗಡಿಯಾರ ನೋಡಿದ. ಎದ್ದು ಹೋಗಿ ಗಂಟೆಯನ್ನು ಒಂದೇ ಒಂದು ಸಲ ಹೊಡೆದ. ಫೋನು ಸ್ವಿಚಾಫ್ ಮಾಡಿ ಕಲ್ಲಿನ ಮೇಲೆ ಇಟ್ಟ. ಹೊಳೆಗೆ ಇಳಿದು ಮುಳುಗು ಹಾಕಿ, ಕೂಗಿ ಕೂಗಿ ಅತ್ತ. ಆಮೇಲೆ ಅಂಗೈಗೆ ಎಳ್ಳು ಹಾಕಿಕೊಂಡು, ತೆಂಕಣಕ್ಕೆ ಮುಖ ಮಾಡಿ ನೀರು ಬಿಟ್ಟ.

ಹೊತ್ತಲ್ಲದ ಹೊತ್ತಿನಲ್ಲಿ ಗಂಟೆ ಕೇಳಿ ಗುರುಗಳು ಬಂದರು.

"ಯಾರಿಗೋ ಎಳ್ಳು?"

"ಅಣ್ಣನಿಗೆ. ಮುಗಿಯಿತು, ಗುರುಗಳೇ. ಫೋನು ಮಾಡಲಿಕ್ಕೂ ಬಿಡಲಿಲ್ಲ ಪಾಪಿಗಳು."

ಗುರುಗಳು ನಿಂತಲ್ಲೇ ಕೂತರು.

"ಈ ಸೂರ್ಯ ಎಲ್ಲಿ ಹುಟ್ಟಿದ್ದು, ಸುಬ್ರಾಯ?"

"ಅಲ್ಲಿ, ಗುಡ್ಡದ ಮೇಲೆ."

"ನಿನ್ನ ಅಣ್ಣ ಎಲ್ಲಿದ್ದಾನೆ?"

ಸುಬ್ರಾಯ ಹೊಳೆ ಹರಿಯುವ ಕಡೆಗೆ, ಸಮುದ್ರದ ಕಡೆಗೆ ಕೈ ತೋರಿಸಿದ. ತೋರಿಸಿದ ಕೈ ಹಾಗೇ ನಿಂತಿತು.

"ಆ ಕಡೆ ಹೋಗುವಾಗ ನಾವು ಹಡಗಿನ ಗಡಿಯಾರವನ್ನು ದಾರಿಯುದ್ದಕ್ಕೂ ಹಿಂದೆ ಇಡುತ್ತಿದ್ದೆವು," ಗುರುಗಳು ಹೇಳಿದರು. "ಈ ಸೂರ್ಯ ಇನ್ನು ಅಲ್ಲಿಗೆ ಹೋಗಬೇಕು, ಮಗಾ. ಎರಡೂವರೆ ಗಂಟೆಯ ದಾರಿ. ಅಲ್ಲಿ ಈಗ ಕತ್ತಲೆ."

"ಬದುಕಿದ್ದಾನಾ?"

"ಬದುಕಿದ್ದಾನೆ."

ಆ ಮಾತು ಕೇಳಿ ಸಂತೋಷಪಡಬೇಕಲ್ಲವೇ? ಸುಬ್ರಾಯ ನಡುಗಿಹೋದ.

"ಬದುಕಿದ್ದವನಿಗೆ ಎಳ್ಳು ಬಿಟ್ಟೆ," ಅಂದ. "ಅತ್ತು ಮುಗಿಸಿದೆ. ಇನ್ನೊಂದು ಸಲ ಅವನನ್ನು ಸಾಯಿಸಲು ನನ್ನ ಕೈಲಾಗುವುದಿಲ್ಲ, ಗುರುಗಳೇ. ಸತ್ತಿದ್ದಾನೆ ಅಂತಲೇ ಇರಲಿ, ಬಿಡಿ."

"ಫೋನು ಎಲ್ಲಿ?"

ಸುಬ್ರಾಯ ಕಲ್ಲಿನ ಕಡೆ ನೋಡಿದ. ಗುರುಗಳೇ ಎದ್ದು ಹೋಗಿ ಫೋನು ತಂದು, ಅವನ ಕೈಯಿಂದಲೇ ಚಾಲೂ ಮಾಡಿಸಿದರು. ಇಬ್ಬರೂ ಕೂತರು. ಬಹಳ ಹೊತ್ತಾದ ಮೇಲೆ ಅದು ಬಡಿದುಕೊಂಡಿತು.

"ಯಾವ ಮುಖ ಇಟ್ಟುಕೊಂಡು ಮಾತಾಡಲಿ?"

ಗುರುಗಳು ಫೋನು ಒತ್ತಿ ಅವನ ಕಿವಿಗೆ ಹಿಡಿದರು.

"ತಮ್ಮಾ," ಮಾದೇವನ ದನಿ. "ಆಗಲೇ ಮಾಡಿದ್ದೆ, ಹತ್ತಲಿಲ್ಲ. ಒಂದೇ ಸಲ ಅಂದಿದ್ರು. ಕಾವಲಿನವನ ಕಾಲು ಹಿಡಿದೆ. ಅವನಿಗೂ ಮಕ್ಕಳಿದ್ದಾರೆ, ಬಿಟ್ಟ."

ಸುಬ್ರಾಯ ಎರಡೂ ಕೈಯಲ್ಲಿ ಫೋನು ಹಿಡಿದುಕೊಂಡ.

"ಇಲ್ಲಿ ಕಿಟಕಿ ಇಲ್ಲ. ಅಲ್ಲಿ ಬೆಳಗಾಯ್ತಾ?"

ಸುಬ್ರಾಯ ಫೋನಿನ ಮೇಲೆ ಕೈ ಮುಚ್ಚಿ ಗುರುಗಳನ್ನು ನೋಡಿದ. "ಏನು ಹೇಳಲಿ?"

"ಕಂಡದ್ದನ್ನು ಹೇಳು."

"ಬೆಳಗಾಯ್ತು, ಅಣ್ಣಾ. ಬಿಸಿಲು ಬಿದ್ದಿದೆ."

"ಹೇಗುಂಟು?"

ಸುಬ್ರಾಯ ಹೇಳತೊಡಗಿದ. ಹೊಳೆಯ ಮೇಲಿನ ಮಂಜು ಹರಿದಿದೆ. ಆಚೆ ದಡದಲ್ಲಿ ಯಾರೋ ಎಮ್ಮೆ ತೊಳೆಯುತ್ತಿದ್ದಾರೆ. ಬಂಡೆಯ ಮೇಲೆ ನೀರುಕಾಗೆ ರೆಕ್ಕೆ ಹರಡಿ ಕೂತಿದೆ.

"ಒಣಗಿಸಿಕೊಳ್ತಾ ಇರಬೇಕು," ಮಾದೇವ ಅಂದ. ಸ್ವಲ್ಪ ನಕ್ಕ ಹಾಗೆ ಕೇಳಿಸಿತು.

ಆಮೇಲೆ ಕೇಳಿದ, "ಇಲ್ಲಿಗೆ ಬರೋದೂ ಅದೇ ಸೂರ್ಯನಾ?"

"ಅದೇ, ಅಣ್ಣಾ."

"ಹಾಗಾದ್ರೆ ನೀನು ನೋಡಿ ಕಳಿಸಿದ್ದು ಅಂದ್ಕೊಳ್ತೇನೆ."

ಅತ್ತ ಯಾರೋ ಬೇರೆ ಭಾಷೆಯಲ್ಲಿ ಏನೋ ಹೇಳಿದರು. ಮಾತು ನಿಂತುಹೋಯಿತು.

ಸುಬ್ರಾಯ ಫೋನು ಕೆಳಗಿಟ್ಟ. ಕೈಗಡಿಯಾರ ಬಿಚ್ಚಿ ಅದರ ಪಕ್ಕ ಇಟ್ಟ.

ಬಿಸಿಲು ಏರಿತು. ಮೆಟ್ಟಿಲ ಕಲ್ಲು ಕಾಯತೊಡಗಿತು. ಅಡುಗೆಯವರು ಬಂದು ನೋಡಿ ಹಿಂದಕ್ಕೆ ಹೋದರು.

ಅವನು ನೀರಿಗಿಳಿದು ಅಂಗೈಗೆ ಅಂಟಿದ್ದ ಹಳೆಯ ಎಳ್ಳು ತಿಕ್ಕಿ ತೊಳೆದ. ಹೊಸದಾಗಿ ಒಂದು ಚಿಟಿಕೆ ಹಾಕಿಕೊಂಡ.

"ಇನ್ನು ತಡೆಯಲಾರೆ, ಗುರುಗಳೇ. ಈಗ ಬಿಡಲೇ?"

ಹೊಳೆಯ ಮೇಲೆ ಕಣ್ಣು ಬಿಡಲಾಗದಷ್ಟು ಬಿಸಿಲು. ಗುರುಗಳು ಅವನ ಮುಷ್ಟಿಯನ್ನು ತಮ್ಮ ಎರಡೂ ಕೈಯಲ್ಲಿ ಮುಚ್ಚಿ ಹಿಡಿದರು.

"ತಡಿ," ಅಂದರು. "ಇನ್ನೂ ಬೆಳಗಾಗಿಲ್ಲ."